ಅಣುಬಾಂಬ್ ರಹಸ್ಯದ ಬೀರು ತೆಗೆದ ವಿಜ್ಞಾನಿ: ಫೈನ್‌ಮನ್ ಕೈಯಲ್ಲಿ ನಿಜಕ್ಕೂ ಜಾದೂ ಇತ್ತೇ?

ಸಿನಿಮಾಗಳಲ್ಲಿ ಈ ದೃಶ್ಯವನ್ನು ನೀವು ನೋಡಿಯೇ ಇರುತ್ತೀರಿ. ಕತ್ತಲೆ ಕೋಣೆ, ಗೋಡೆಯಲ್ಲೊಂದು ದೊಡ್ಡ ಸೇಫ್. ಕಳ್ಳ ಅದಕ್ಕೆ ಕಿವಿಗೊಟ್ಟು ಮೆಲ್ಲಗೆ ಡಯಲ್ ತಿರುಗಿಸುತ್ತಾನೆ. ಟಿಕ್, ಟಿಕ್ ಎಂದು ಸದ್ದಾಗುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ. ಬೀಗ ತೆಗೆಯುವುದೆಂದರೆ ಬೆರಳ ತುದಿಯ ಜಾದೂ, ಅದು ಹುಟ್ಟಿನಿಂದಲೇ ಬರಬೇಕು ಎಂದು ನಾವು ನಂಬಿಬಿಡುತ್ತೇವೆ.

ಇಂಥ ಜಾದೂಗಾರ ಎಂದೇ ಹೆಸರಾದ ಒಬ್ಬ ವಿಜ್ಞಾನಿ ಇದ್ದರು. ಅವರೇ ರಿಚರ್ಡ್ ಫೈನ್‌ಮನ್. 1965ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಹಂಚಿಕೊಂಡವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಅಣುಬಾಂಬ್ ತಯಾರಿಸುತ್ತಿದ್ದ ಜಾಗದಲ್ಲಿ ಅವರು ಕೆಲಸ ಮಾಡುತ್ತಿದ್ದರು. ಜಗತ್ತಿನ ಅತಿ ದೊಡ್ಡ ಗುಟ್ಟುಗಳಿದ್ದ ಬೀರುಗಳನ್ನು ಬಿಡುವಿನ ವೇಳೆಯಲ್ಲಿ, ಬರೀ ಹವ್ಯಾಸಕ್ಕಾಗಿ, ಒಂದೊಂದಾಗಿ ತೆಗೆಯುತ್ತಿದ್ದರು!

ಹಾಗಾದರೆ ಅವರ ಕೈಯಲ್ಲಿ ಜಾದೂ ಇತ್ತೇ? ಇರಲಿಲ್ಲ. ಇದ್ದದ್ದು ಇನ್ನೂ ಸ್ವಾರಸ್ಯದ ಸಂಗತಿ. ನಿಮ್ಮ ಜೇಬಿನಲ್ಲಿರುವ ಮೊಬೈಲಿಗೂ ಅದಕ್ಕೂ ನೇರ ಸಂಬಂಧವಿದೆ. ಬನ್ನಿ, ಮೊದಲಿನಿಂದ ನೋಡೋಣ.

ರೇಡಿಯೋ ರಿಪೇರಿ ಮಾಡುತ್ತಿದ್ದ ಹುಡುಗ

ಫೈನ್‌ಮನ್ ಹುಟ್ಟಿದ್ದು 1918ರ ಮೇ 11ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಮೆಲ್ವಿಲ್ ಸಮವಸ್ತ್ರ ಮಾರುವ ವ್ಯಾಪಾರದಲ್ಲಿದ್ದವರು. ಅವರು ವಿಜ್ಞಾನಿಯಲ್ಲ. ಆದರೆ ಮಗನಿಗೆ ಒಂದು ಅಭ್ಯಾಸ ಕಲಿಸಿದರು. ವಸ್ತುವಿನ ಹೆಸರು ಗೊತ್ತಿದ್ದ ಮಾತ್ರಕ್ಕೆ ಆ ವಸ್ತು ಗೊತ್ತಾದಂತಲ್ಲ, ಅದು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು ಎಂಬುದೇ ಆ ಪಾಠ.

ಹುಡುಗ ಮನೆಯಲ್ಲೇ ಸಣ್ಣ ಪ್ರಯೋಗಾಲಯ ಮಾಡಿಕೊಂಡ. ಕೆಟ್ಟ ರೇಡಿಯೋಗಳನ್ನು ಬಿಚ್ಚಿದ, ಜೋಡಿಸಿದ. 1930ರ ದಶಕದ ಆರ್ಥಿಕ ಕುಸಿತದ ಕಾಲ ಅದು. ದೊಡ್ಡ ಮೆಕ್ಯಾನಿಕ್‌ಗೆ ದುಡ್ಡು ಕೊಡಲಾಗದ ಅಕ್ಕಪಕ್ಕದವರು ಈ ಹುಡುಗನನ್ನೇ ಕರೆಯುತ್ತಿದ್ದರು. ರೇಡಿಯೋ ಮುಟ್ಟುವ ಮೊದಲು ಅವನು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾ ಯೋಚಿಸುತ್ತಿದ್ದ. ಸದ್ದು ಯಾಕೆ ಹೀಗೆ ಬರುತ್ತಿದೆ? ಯಾವ ಭಾಗ ತಪ್ಪಿದರೆ ಹೀಗಾಗಬಹುದು? ಉತ್ತರ ಹೊಳೆದ ಮೇಲೆಯೇ ಕೈ ಹಾಕುತ್ತಿದ್ದ.

ಈ ಒಂದು ಗುಣವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೀಗದ ವಿಷಯದಲ್ಲೂ ನಡೆದದ್ದು ಇದೇ.

ಅವರು 1939ರಲ್ಲಿ ಎಂಐಟಿಯಿಂದ ಪದವಿ, 1942ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅದೇ ವರ್ಷ ಬಾಲ್ಯದ ಗೆಳತಿ ಆರ್ಲೀನ್ ಅವರನ್ನು ಮದುವೆಯಾದರು. ಆಗಲೇ ಆರ್ಲೀನ್‌ಗೆ ಕ್ಷಯರೋಗವಿತ್ತು. ಅಂದು ಕ್ಷಯಕ್ಕೆ ಸರಿಯಾದ ಔಷಧಿ ಇರಲಿಲ್ಲ. ಇಬ್ಬರಿಗೂ ವಿಷಯ ಗೊತ್ತಿತ್ತು. ಗೊತ್ತಿದ್ದೇ ಮದುವೆಯಾದರು.

ಬೆಟ್ಟದ ಮೇಲಿನ ಗುಟ್ಟಿನ ಊರು

1943ರಲ್ಲಿ ಫೈನ್‌ಮನ್ ನ್ಯೂ ಮೆಕ್ಸಿಕೋ ರಾಜ್ಯದ ಲಾಸ್ ಅಲಾಮೋಸ್‌ಗೆ ಬಂದರು. ಅಲ್ಲಿ ಎತ್ತರದ ಬೆಟ್ಟದ ಬಯಲಿನ ಮೇಲೆ ಅಮೆರಿಕದ ಸೇನೆ ಒಂದು ಇಡೀ ಊರನ್ನೇ ಕಟ್ಟಿತ್ತು. ಸುತ್ತಲೂ ಬೇಲಿ, ಗೇಟಿನಲ್ಲಿ ಕಾವಲು. ಪತ್ರಗಳನ್ನೆಲ್ಲ ತೆರೆದು ಓದಲಾಗುತ್ತಿತ್ತು. ಊರಿಗೆ ವಿಳಾಸವೂ ಇಲ್ಲ, ಬರೀ ಒಂದು ಅಂಚೆ ಪೆಟ್ಟಿಗೆ ಸಂಖ್ಯೆ.

ಇಷ್ಟೆಲ್ಲ ಕಟ್ಟುನಿಟ್ಟಿನ ನಡುವೆ ಬೇಲಿಯಲ್ಲೇ ಒಂದು ತೂತು ಇತ್ತು! ದೂರದ ಗೇಟಿನವರೆಗೆ ನಡೆಯಲಾರದ ಕೂಲಿಯವರು ಮಾಡಿಕೊಂಡದ್ದು. ಫೈನ್‌ಮನ್ ಅದನ್ನು ಕಂಡರು. ಗೇಟಿನಿಂದ ಹೊರಗೆ ಹೋದರು, ತೂತಿನಿಂದ ಒಳಗೆ ಬಂದರು, ಮತ್ತೆ ಗೇಟಿನಿಂದ ಹೊರಗೆ ಹೋದರು. ಹೀಗೆ ಹಲವು ಸುತ್ತು. ಈ ಮನುಷ್ಯ ಹೊರಗೆ ಹೋಗುತ್ತಲೇ ಇದ್ದಾನೆ, ಒಳಗೆ ಬಂದದ್ದೇ ಇಲ್ಲವಲ್ಲ ಎಂದು ಕಾವಲಿನವರಿಗೆ ಹೊಳೆದಾಗ ಗಲಾಟೆಯಾಯಿತು.

ಕಚೇರಿಗಳ ಕಥೆಯೂ ಅಷ್ಟೇ. ಮೊದಮೊದಲು ಗುಟ್ಟಿನ ಕಾಗದಗಳನ್ನು ಮರದ ಬೀರುಗಳಲ್ಲಿ ಇಡುತ್ತಿದ್ದರು. ಮುಂದೆ ಒಂದು ಕಬ್ಬಿಣದ ಸರಳು, ಅದಕ್ಕೊಂದು ಬೀಗ. ಮುಂಭಾಗ ಭದ್ರ. ಆದರೆ ಬೀರುವನ್ನು ವಾಲಿಸಿ ಕೆಳಗಿನಿಂದ ಕೈ ಹಾಕಿದರೆ ಕಾಗದ ಹೊರಗೆ ಬರುತ್ತಿತ್ತು. ಇದು ಅಪಾಯ ಎಂದು ಫೈನ್‌ಮನ್ ಸಭೆಗಳಲ್ಲಿ ಹೇಳುತ್ತಲೇ ಇದ್ದರು.

ಒಮ್ಮೆ ಹಿರಿಯ ವಿಜ್ಞಾನಿ ಎಡ್ವರ್ಡ್ ಟೆಲ್ಲರ್, ತಾವು ಗುಟ್ಟಿನ ಕಾಗದಗಳನ್ನು ಬೀರುವಿನಲ್ಲಲ್ಲ, ಮೇಜಿನ ಡ್ರಾಯರಿನಲ್ಲಿ ಇಡುತ್ತೇವೆ ಎಂದರು. ಸಭೆ ಇನ್ನೂ ನಡೆಯುತ್ತಿರುವಾಗಲೇ ಫೈನ್‌ಮನ್ ಎದ್ದು ಅವರ ಕೋಣೆಗೆ ಹೋದರು. ಬೀಗ ಮುಟ್ಟಲೇ ಇಲ್ಲ. ಮೇಜಿನ ಅಡಿಯಿಂದ ಕೈ ಹಾಕಿ ಒಂದೊಂದೇ ಕಾಗದ ಎಳೆದರು. ಡ್ರಾಯರ್ ಪೂರ್ತಿ ಖಾಲಿ!

ಬೀಗ ತೆಗೆಯುವುದನ್ನು ಕಲಿತದ್ದು ಯಾರಿಂದ?

ಇಲ್ಲಿ ಮೊದಲ ತಪ್ಪು ನಂಬಿಕೆ ಒಡೆಯುತ್ತದೆ. ಫೈನ್‌ಮನ್ ಈ ವಿದ್ಯೆಯನ್ನು ಹೊಟ್ಟೆಯಿಂದ ಕಲಿತು ಬಂದವರಲ್ಲ. ಲಾಸ್ ಅಲಾಮೋಸ್‌ನಲ್ಲೇ ಲಿಯೋ ಲವಾಟೆಲ್ಲಿ ಎಂಬ ಸಹೋದ್ಯೋಗಿ ಅವರಿಗೆ ಇದನ್ನು ತೋರಿಸಿಕೊಟ್ಟರು. ಪಕ್ಕದಲ್ಲಿ ಕೂತು, ಕೈಯಲ್ಲಿ ಬೀಗ ಹಿಡಿದು ಕಲಿಯುವ ವಿದ್ಯೆ ಇದು. ಇಂದಿಗೂ ಹಾಗೆಯೇ.

ಮನೆಬಾಗಿಲಿನ ಸಾಮಾನ್ಯ ಬೀಗ ಹೇಗೆ ಕೆಲಸ ಮಾಡುತ್ತದೆ? 1860ರ ದಶಕದಲ್ಲಿ ಅಮೆರಿಕದ ಲೈನಸ್ ಯೇಲ್ ಜೂನಿಯರ್ ರೂಪ ಕೊಟ್ಟ ಬೀಗವನ್ನೇ ತೆಗೆದುಕೊಳ್ಳಿ. ಒಳಗೊಂದು ದುಂಡನೆಯ ಉರುಳೆ. ಕೀಲಿ ಹೋಗುವುದೂ ಅದರೊಳಗೆ, ತಿರುಗುವುದೂ ಅದೇ. ಮೇಲಿನಿಂದ ಸ್ಪ್ರಿಂಗ್ ಒತ್ತಿ ಹಿಡಿದ ಐದಾರು ಪುಟ್ಟ ಕಡ್ಡಿಗಳು ಉರುಳೆಯನ್ನು ತಿರುಗದಂತೆ ತಡೆಯುತ್ತವೆ. ಪ್ರತಿ ಕಡ್ಡಿಯೂ ಎರಡು ತುಂಡು. ಸರಿಯಾದ ಕೀಲಿ ಹಾಕಿದರೆ ಅದರ ಹಲ್ಲುಗಳು ಕಡ್ಡಿಗಳನ್ನು ಬೇಕಾದಷ್ಟೇ ಎತ್ತುತ್ತವೆ. ತುಂಡುಗಳ ನಡುವಿನ ಸಂದುಗಳೆಲ್ಲ ಒಂದೇ ಗೆರೆಗೆ ಬರುತ್ತವೆ. ಉರುಳೆ ತಿರುಗುತ್ತದೆ.

ಹಾಗಾದರೆ ಕೀಲಿಯಿಲ್ಲದೆ ತೆಗೆಯುವುದು ಹೇಗೆ ಸಾಧ್ಯ? ಏಕೆಂದರೆ ಯಾವ ಕಾರ್ಖಾನೆಯೂ ನೂರಕ್ಕೆ ನೂರು ನಿಖರವಾದ ಬೀಗ ಮಾಡಲಾರದು. ಕಡ್ಡಿಗಳ ತೂತುಗಳು ಕೂದಲೆಳೆಯಷ್ಟಾದರೂ ಹೆಚ್ಚುಕಡಿಮೆ ಇರುತ್ತವೆ. ಹಾಗಾಗಿ ಉರುಳೆಯನ್ನು ಮೆಲ್ಲಗೆ ತಿರುವಿ ಹಿಡಿದರೆ ಎಲ್ಲ ಕಡ್ಡಿಗಳೂ ಒಟ್ಟಿಗೆ ಬಿಗಿಯಾಗುವುದಿಲ್ಲ, ಮೊದಲು ಒಂದೇ ಒಂದು ಬಿಗಿಯಾಗುತ್ತದೆ. ಅದನ್ನು ತಂತಿಯಿಂದ ಎತ್ತಿದರೆ ತನ್ನ ಜಾಗದಲ್ಲಿ ಕೂರುತ್ತದೆ. ಆಮೇಲೆ ಇನ್ನೊಂದು. ಕಷ್ಟದ ದೊಡ್ಡ ಲೆಕ್ಕವೊಂದು ಐದು ಸಣ್ಣ ಲೆಕ್ಕಗಳಾಗಿ ಒಡೆಯುತ್ತದೆ. ಗುಟ್ಟು ಇರುವುದು ಇಷ್ಟರಲ್ಲೇ.

ಹತ್ತು ಲಕ್ಷ ಇಪ್ಪತ್ತಾದದ್ದು ಹೇಗೆ?

ಕೊನೆಗೆ ಸೇನೆಯವರು ಮರದ ಬೀರು ತೆಗೆದು, ಮೋಸ್ಲರ್ ಕಂಪನಿಯ ಕಬ್ಬಿಣದ ಬೀರುಗಳನ್ನು ತಂದರು. ಇವಕ್ಕೆ ಕೀಲಿಯಿಲ್ಲ, ಡಯಲ್ ಇದೆ. 0ಯಿಂದ 99ರವರೆಗಿನ ಮೂರು ಸಂಖ್ಯೆಗಳನ್ನು ಸರಿಯಾದ ಕ್ರಮದಲ್ಲಿ ತಿರುಗಿಸಬೇಕು. ಒಟ್ಟು ಸಾಧ್ಯತೆಗಳು 100 × 100 × 100, ಅಂದರೆ 10 ಲಕ್ಷ. ಎಲ್ಲರಿಗೂ ನೆಮ್ಮದಿಯಾಯಿತು.

ಫೈನ್‌ಮನ್‌ಗೆ ಆಗಲಿಲ್ಲ. ಸೇಫ್ ಒಡೆಯುವವರು ಬರೆದ ಪುಸ್ತಕಗಳನ್ನು ಓದಿದರು. ಕೆಲಸಕ್ಕೆ ಬರಲಿಲ್ಲ. ಆಗ ತಮ್ಮದೇ ಬೀರುವಿನ ಬೀಗ ಬಿಚ್ಚಿ ನೋಡಿದರು, ಹಿಂದೆ ರೇಡಿಯೋ ಬಿಚ್ಚಿದಂತೆ.

ಮೊದಲು ಕಂಡದ್ದು: ಡಯಲ್ ಅಷ್ಟು ನಿಖರವಲ್ಲ. ಸರಿಯಾದ ಸಂಖ್ಯೆಯ ಅತ್ತ ಎರಡು, ಇತ್ತ ಎರಡು ಇದ್ದರೂ ಬೀಗ ಒಪ್ಪಿಕೊಳ್ಳುತ್ತದೆ. ಹಾಗಾದರೆ ಎಲ್ಲ ನೂರು ಸಂಖ್ಯೆ ನೋಡಬೇಕಿಲ್ಲ, ಐದಕ್ಕೊಂದು ನೋಡಿದರೆ ಸಾಕು. ನೂರು ಇಪ್ಪತ್ತಾಯಿತು. 20 × 20 × 20 ಎಂದರೆ 8,000. ಒಂದೇ ಏಟಿಗೆ 10 ಲಕ್ಷ 8 ಸಾವಿರಕ್ಕೆ ಇಳಿಯಿತು!

ಎರಡನೆಯದು ಇನ್ನೂ ದೊಡ್ಡದು. ಬೀರು ತೆರೆದಿರುವಾಗ ಡಯಲ್ ತಿರುಗಿಸುತ್ತಾ ಅದರ ಚಿಲಕ ಮೇಲೆ ಕೆಳಗೆ ಆಗುವುದನ್ನು ಗಮನಿಸಿದರೆ ಕೊನೆಯ ಎರಡು ಸಂಖ್ಯೆಗಳು ತಿಳಿಯುತ್ತವೆ. ಹಗಲಲ್ಲಿ ಎಲ್ಲರ ಬೀರುವೂ ತೆರೆದೇ ಇರುತ್ತಿತ್ತು. ಫೈನ್‌ಮನ್ ಸಹೋದ್ಯೋಗಿಗಳ ಕೋಣೆಗೆ ಹೋಗಿ, ಬೀರುವಿಗೆ ಒರಗಿ ನಿಂತು, ಹರಟೆ ಹೊಡೆಯುತ್ತಾ ಸುಮ್ಮನೆ ಬೆರಳಾಡಿಸುವವರಂತೆ ಡಯಲ್ ತಿರುಗಿಸುತ್ತಿದ್ದರು. ಹೊರಗೆ ಬಂದು ಸಂಖ್ಯೆ ಬರೆದಿಟ್ಟುಕೊಳ್ಳುತ್ತಿದ್ದರು. ಇನ್ನು ಉಳಿದದ್ದು ಮೊದಲ ಸಂಖ್ಯೆ ಮಾತ್ರ. ಅದಕ್ಕೆ ಇಪ್ಪತ್ತೇ ಪ್ರಯತ್ನ.

ಹತ್ತು ಲಕ್ಷ, ಎಂಟು ಸಾವಿರ, ಇಪ್ಪತ್ತು. ಇದಿಷ್ಟೇ ಜಾದೂ.

ಯಾರಾದರೂ ಊರಲ್ಲಿಲ್ಲದಾಗ ಅವರ ಬೀರುವಿನಲ್ಲಿದ್ದ ಕಾಗದ ತುರ್ತಾಗಿ ಬೇಕಾದರೆ ಫೈನ್‌ಮನ್‌ಗೆ ಕರೆ ಬರುತ್ತಿತ್ತು. ಅವರು ಬೇಕಿಲ್ಲದಿದ್ದರೂ ಉಪಕರಣ ಹಿಡಿದು ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೆಲವೇ ನಿಮಿಷದಲ್ಲಿ ಬೀಗ ತೆಗೆದು, ಆಮೇಲೆ ಹೊತ್ತು ಕಳೆಯಲು ಕೂತು ಪತ್ರಿಕೆ ಓದುತ್ತಿದ್ದರು. ಬಹಳ ಕಷ್ಟಪಟ್ಟವರಂತೆ ಹೊರಗೆ ಬರುತ್ತಿದ್ದರು. ಹೆಸರು ಬೆಳೆಯುವುದು ಹೀಗೆಯೇ. ನೋಡುವವರಿಗೆ ಕಾಣುವುದು ಕೊನೆಯ ಕ್ಷಣ, ಹಿಂದಿನ ತಿಂಗಳುಗಳ ತಯಾರಿಯಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ಈ ಬೀಗದ ಕಥೆಗಳಲ್ಲಿ ಹೆಚ್ಚಿನವು ಫೈನ್‌ಮನ್ ತಾವೇ ಹೇಳಿಕೊಂಡವು. 1985ರಲ್ಲಿ ಬಂದ ಅವರ ನೆನಪುಗಳ ಪುಸ್ತಕದಲ್ಲಿ ಇವೆ. ಅವರು ಒಳ್ಳೆಯ ಕಥೆಗಾರರೂ ಹೌದು. ಆದರೆ ಬೀಗದ ಲೆಕ್ಕವನ್ನು ನಾವೇ ಮಾಡಿ ನೋಡಬಹುದು, ಅದು ಸರಿಯಾಗಿದೆ.

ಕರ್ನಲ್ ಸಾಹೇಬರ ಆದೇಶ

ಈಗ ಕಥೆಯ ಮುಖ್ಯ ಭಾಗಕ್ಕೆ ಬರೋಣ. ಬಾಂಬಿಗೆ ಬೇಕಾದ ಯುರೇನಿಯಂ ಸಿದ್ಧವಾಗುತ್ತಿದ್ದದ್ದು ಟೆನೆಸೀ ರಾಜ್ಯದ ಓಕ್ ರಿಜ್‌ನಲ್ಲಿ. ಫೈನ್‌ಮನ್ ಅಲ್ಲಿಗೂ ಹೋಗಬೇಕಾಗುತ್ತಿತ್ತು.

ಅಲ್ಲಿನ ಕೆಲಸಗಾರರಿಗೆ ತಾವು ಏನು ತಯಾರಿಸುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಗುಟ್ಟು ಕಾಪಾಡಬೇಕಲ್ಲ! ಆದರೆ ಯುರೇನಿಯಂ ಹೆಚ್ಚು ಪ್ರಮಾಣದಲ್ಲಿ ಒಂದೇ ಕಡೆ ಸೇರಿದರೆ, ಅದರಲ್ಲೂ ನೀರು ಸೇರಿಕೊಂಡರೆ, ಅದು ತಾನಾಗಿಯೇ ಕ್ರಿಯೆ ಶುರುಮಾಡಿ ಮಾರಕ ವಿಕಿರಣ ಹೊಮ್ಮಿಸಬಹುದು. ಅದು ಗೊತ್ತಿಲ್ಲದವರು ಎಚ್ಚರಿಕೆ ವಹಿಸುವುದಾದರೂ ಹೇಗೆ? ವಿಷಯ ತಿಳಿಸಿಯೇ ತೀರಬೇಕು ಎಂದು ಲಾಸ್ ಅಲಾಮೋಸ್ ಪರವಾಗಿ ಫೈನ್‌ಮನ್ ಪಟ್ಟು ಹಿಡಿದರು. ತಿಳಿಸಿದ ಮೇಲೆಯೇ ಸುರಕ್ಷತೆಯ ವ್ಯವಸ್ಥೆ ಸರಿಯಾಯಿತು. ಗುಟ್ಟು ಬೇರೆ, ಭದ್ರತೆ ಬೇರೆ. ಕೆಲವೊಮ್ಮೆ ಒಂದು ಇನ್ನೊಂದರ ಶತ್ರು.

ಇನ್ನೊಮ್ಮೆ ಅಲ್ಲಿನ ಕರ್ನಲ್ ಒಬ್ಬರು ತಮ್ಮ ಭಾರಿ ಗಾತ್ರದ ಸೇಫನ್ನು ತೋರಿಸಿದರು. ದಪ್ಪ ಬಾಗಿಲು, ದೊಡ್ಡ ಹಿಡಿಕೆ. ಆದರೆ ಬೀಗ ಮಾತ್ರ ಲಾಸ್ ಅಲಾಮೋಸ್‌ನಲ್ಲಿದ್ದ ಅದೇ ಬಗೆಯದು. ಫೈನ್‌ಮನ್ ಅದನ್ನು ಕರ್ನಲ್ ಎದುರೇ ತೆಗೆದು ತೋರಿಸಿದರು. ಯಾಕೆ ತೆಗೆಯಲಾಯಿತು ಎಂಬುದನ್ನೂ ವಿವರಿಸಿದರು. ಬೀರು ತೆರೆದಿಟ್ಟರೆ ಸಂಖ್ಯೆ ಸೋರುತ್ತದೆ, ಕೆಲಸ ಮಾಡುವಾಗಲೂ ಮುಚ್ಚಿಡಲು ಎಲ್ಲರಿಗೂ ಹೇಳಿ ಎಂದು ಸಲಹೆ ಕೊಟ್ಟರು.

ಫೈನ್‌ಮನ್ ಮತ್ತೆ ಓಕ್ ರಿಜ್‌ಗೆ ಹೋದಾಗ ಎಲ್ಲರೂ ಅವರನ್ನು ಕಂಡು ಹೌಹಾರಿದರು. ಯಾರೂ ತಮ್ಮ ಕೋಣೆಯೊಳಗೆ ಬಿಡಲೊಲ್ಲರು. ಏನಾಗಿತ್ತು ಗೊತ್ತೇ? ಕರ್ನಲ್ ಎಲ್ಲರಿಗೂ ಒಂದು ಪತ್ರ ಕಳಿಸಿದ್ದರು. ಹಿಂದಿನ ಭೇಟಿಯಲ್ಲಿ ಫೈನ್‌ಮನ್ ನಿಮ್ಮ ಕೋಣೆಗೆ ಬಂದಿದ್ದರೇ ಎಂದು ಅದರಲ್ಲಿ ಕೇಳಲಾಗಿತ್ತು. ಹೌದು ಎಂದವರಿಗೆಲ್ಲ ಬೀರುವಿನ ಸಂಖ್ಯೆ ಬದಲಿಸಲು ಆದೇಶವಾಗಿತ್ತು. ಹೊಸ ಸಂಖ್ಯೆ ನೆನಪಿಡುವ ಕಷ್ಟ ತಂದಿಟ್ಟವರು ಎಂದು ಎಲ್ಲರಿಗೂ ಫೈನ್‌ಮನ್ ಮೇಲೆ ಸಿಟ್ಟು.

ಬೀರು ತೆರೆದಿಡುವ ಅಭ್ಯಾಸ? ಅದು ಹಾಗೆಯೇ ಇತ್ತು. ಕರ್ನಲ್ ಕಣ್ಣಿಗೆ ಅಪಾಯವಾಗಿ ಕಂಡದ್ದು ದೋಷವಲ್ಲ, ದೋಷ ತೋರಿಸಿದ ಮನುಷ್ಯ.

ಸ್ನೇಹಿತನ ಕಾರು

ಇದೆಲ್ಲ ತಮಾಷೆಯಾಗಿ ಕಾಣಬಹುದು. ಆದರೆ ಆ ದಿನಗಳಲ್ಲಿ ಫೈನ್‌ಮನ್ ಮನೆಯ ಪರಿಸ್ಥಿತಿ ತಮಾಷೆಯದ್ದಾಗಿರಲಿಲ್ಲ. ಆರ್ಲೀನ್ ಸುಮಾರು 160 ಕಿಲೋಮೀಟರ್ ದೂರದ ಆಲ್ಬುಕರ್ಕಿ ನಗರದ ಆಸ್ಪತ್ರೆಯಲ್ಲಿದ್ದರು. ವಾರದ ಕೊನೆಗೆ ಸಿಕ್ಕ ವಾಹನ ಹತ್ತಿ ಫೈನ್‌ಮನ್ ಅವರನ್ನು ನೋಡಲು ಹೋಗುತ್ತಿದ್ದರು. ಪತ್ರ ಓದುವ ಅಧಿಕಾರಿಗಳಿಗೆ ತಲೆನೋವಾಗುವಂತೆ ಗಂಡ ಹೆಂಡತಿ ಒಗಟಿನ ಭಾಷೆಯಲ್ಲಿ ಪತ್ರ ಬರೆದುಕೊಳ್ಳುತ್ತಿದ್ದರು.

1945ರ ಜೂನ್‌ನಲ್ಲಿ ಸ್ಥಿತಿ ಬಿಗಡಾಯಿಸಿದ ಸುದ್ದಿ ಬಂತು. ಫೈನ್‌ಮನ್ ಒಬ್ಬ ಸ್ನೇಹಿತನ ಕಾರು ತೆಗೆದುಕೊಂಡು ಓಡಿದರು. ದಾರಿಯಲ್ಲಿ ಟಯರ್ ಪಂಕ್ಚರ್ ಆಗುತ್ತಲೇ ಹೋಯಿತು. ಹೇಗೋ ತಲುಪಿದರು. ಜೂನ್ 16ರಂದು ಆರ್ಲೀನ್ ತೀರಿಕೊಂಡರು.

ಅಂದು ಒಂದು ಸಂಗತಿ ನಡೆಯಿತು. ಅವರ ಹಾಸಿಗೆಯ ಬಳಿಯಿದ್ದ ಗಡಿಯಾರ, ಅವರು ಉಸಿರು ನಿಲ್ಲಿಸಿದ ಹೊತ್ತಿಗೇ ನಿಂತಿತ್ತು! ಬೇರೆಯವರಾಗಿದ್ದರೆ ಪವಾಡ ಎನ್ನುತ್ತಿದ್ದರು. ದುಃಖದಲ್ಲಿದ್ದ ಫೈನ್‌ಮನ್ ಆಗಲೂ ಯೋಚಿಸಿದರು. ಆ ಗಡಿಯಾರ ನಾಜೂಕಿನದು, ತಾವೇ ಹಲವು ಬಾರಿ ರಿಪೇರಿ ಮಾಡಿದ್ದರು. ಸಾವಿನ ಸಮಯ ಬರೆದುಕೊಳ್ಳಲು ನರ್ಸ್ ಮಂದ ಬೆಳಕಿನಲ್ಲಿ ಅದನ್ನು ಎತ್ತಿ ನೋಡಿರಬೇಕು, ಅಲುಗಾಟಕ್ಕೆ ಅದು ನಿಂತಿರಬೇಕು. ಹೀಗೆ ಯೋಚಿಸಿದ ಮನುಷ್ಯನಿಗೆ ಪ್ರೀತಿ ಕಡಿಮೆಯಿತ್ತೇ? ಮುಂದಿನ ವರ್ಷ, 1946ರಲ್ಲಿ, ತೀರಿಹೋದ ಹೆಂಡತಿಗೆ ಅವರು ಒಂದು ಪತ್ರ ಬರೆದು ಲಕೋಟೆ ಅಂಟಿಸಿ ಇಟ್ಟುಕೊಂಡರು. ಅದು ತೆರೆದದ್ದು ಅವರೂ ತೀರಿಕೊಂಡ ಮೇಲೆ.

ಸರಿ, ಅಂದು ಕಾರು ಕೊಟ್ಟ ಸ್ನೇಹಿತ ಯಾರು? ಕ್ಲಾಸ್ ಫುಕ್ಸ್. ಬ್ರಿಟನ್ ತಂಡದ ಜೊತೆ ಬಂದಿದ್ದ ಭೌತವಿಜ್ಞಾನಿ. ಮಿತಭಾಷಿ, ಎಲ್ಲರ ನಂಬಿಕೆ ಗಳಿಸಿದ್ದವರು. 1950ರಲ್ಲಿ ಅವರು ಬ್ರಿಟನ್‌ನಲ್ಲಿ ಬಂಧನಕ್ಕೊಳಗಾದರು. ಅಣುಬಾಂಬಿನ ರಹಸ್ಯಗಳನ್ನು ಸೋವಿಯತ್ ಒಕ್ಕೂಟಕ್ಕೆ ದಾಟಿಸಿದ್ದು ಅವರೇ ಎಂದು ಗೊತ್ತಾಯಿತು. 14 ವರ್ಷ ಜೈಲು ಶಿಕ್ಷೆಯಾಯಿತು.

ಯೋಚಿಸಿ ನೋಡಿ. ಎಲ್ಲರೂ ಬೀಗ ತೆಗೆಯುವ ಫೈನ್‌ಮನ್ ಮೇಲೆ ಕಣ್ಣಿಟ್ಟಿದ್ದರು. ಫುಕ್ಸ್ ಯಾವ ಬೀಗವನ್ನೂ ಮುರಿಯಬೇಕಾಗಿರಲಿಲ್ಲ. ಒಳಗೆ ಬರಲು ಅವರಿಗೆ ಅನುಮತಿಯೇ ಇತ್ತು.

ಒಂಬತ್ತು ಬೀರು, ಒಂದೇ ಸಂಖ್ಯೆ

ಯುದ್ಧ ಮುಗಿಯಿತು. ಫೈನ್‌ಮನ್ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. ಒಂದು ವರದಿ ಮುಗಿಸಲು ಮತ್ತೆ ಲಾಸ್ ಅಲಾಮೋಸ್‌ಗೆ ಬಂದಾಗ ಒಂದು ಕಾಗದ ಬೇಕಾಯಿತು. ಅದು ಫ್ರೆಡರಿಕ್ ಡಿ ಹಾಫ್‌ಮನ್ ಎಂಬ ವಿಜ್ಞಾನಿಯ ವಶದಲ್ಲಿತ್ತು. ಬಾಂಬ್ ಯೋಜನೆಯ ಮಹತ್ವದ ಕಾಗದಗಳೆಲ್ಲ ಅವರ ಒಂಬತ್ತು ಬೀರುಗಳಲ್ಲಿದ್ದವು. ಅವರು ಕೋಣೆಯಲ್ಲಿರಲಿಲ್ಲ.

ಫೈನ್‌ಮನ್ ಹತ್ತಿರ ಈ ಬೀರುಗಳ ಯಾವ ಸಂಖ್ಯೆಯೂ ಇರಲಿಲ್ಲ. ಕಾರ್ಯದರ್ಶಿಯ ಡ್ರಾಯರಿನಲ್ಲಿ ಒಂದು ಚೀಟಿ ಸಿಕ್ಕಿತು, ಅದರಲ್ಲಿ ಗಣಿತದ ಪೈ ಬೆಲೆ 3.14159 ಎಂದು ಬರೆದಿತ್ತು. ಕಾರ್ಯದರ್ಶಿಗೆ ಪೈ ಯಾಕೆ? 31-41-59 ತಿರುಗಿಸಿದರು. ಆಗಲಿಲ್ಲ. ಹಿಂದುಮುಂದು ಮಾಡಿದರೂ ಆಗಲಿಲ್ಲ. ಹೊರಟವರಿಗೆ ಇನ್ನೊಂದು ಹೊಳೆಯಿತು. ಭೌತವಿಜ್ಞಾನಿಗಳು ಪೈನಷ್ಟೇ ಬಳಸುವ ಇನ್ನೊಂದು ಸಂಖ್ಯೆ ಇದೆಯಲ್ಲ? ಅದರ ಬೆಲೆ 2.71828. ಹಾಗಾಗಿ 27-18-28. ಬೀರು ತೆರೆಯಿತು!

ಇನ್ನೊಂದಕ್ಕೂ ಅದೇ ಸಂಖ್ಯೆ. ಮತ್ತೊಂದಕ್ಕೂ ಅದೇ. ಒಂಬತ್ತು ಬೀಗಕ್ಕೂ ಒಂದೇ ಗುಪ್ತಸಂಖ್ಯೆ. ಫೈನ್‌ಮನ್ ಕಾಗದ ತೆಗೆದುಕೊಂಡು, ಒಳಗೆ ತುಂಟ ಚೀಟಿಗಳನ್ನು ಇಟ್ಟು ಮುಚ್ಚಿದರು. ಅವನ್ನು ನೋಡಿದ ಡಿ ಹಾಫ್‌ಮನ್ ಮುಖ ಭಯದಿಂದ ಬಿಳಿಚಿಕೊಂಡಿತು.

ಸೇಫ್ ಪಂಡಿತರಿಗೆ ಸಿಕ್ಕ ಗುರು

ಕೊನೆಯ ಪಾಠ ಫೈನ್‌ಮನ್‌ಗೇ ಕಾದಿತ್ತು. ಅಲ್ಲಿ ಒಬ್ಬ ಕ್ಯಾಪ್ಟನ್ ತನಗೆ ಎಲ್ಲರಿಗಿಂತ ದೊಡ್ಡ ಸೇಫ್ ಬೇಕೆಂದು ತರಿಸಿದ್ದರು. ಯುದ್ಧ ಮುಗಿದ ಮೇಲೆ ಅವರು ಊರು ಬಿಟ್ಟರು. ಸೇಫ್ ಮುಚ್ಚಿಯೇ ಇತ್ತು. ಅಲ್ಲಿನ ಬೀಗ ರಿಪೇರಿಯವರು ಬಂದು ಸಲೀಸಾಗಿ ತೆಗೆದುಬಿಟ್ಟರು.

ಫೈನ್‌ಮನ್ ಬೆರಗಾದರು. ಇವರೇ ನಿಜವಾದ ಪಂಡಿತರು, ಇವರಿಂದ ಕಲಿಯಬೇಕು ಎಂದು ವಾರಗಟ್ಟಲೆ ಸ್ನೇಹ ಬೆಳೆಸಿದರು. ಕೊನೆಗೆ ಗುಟ್ಟು ಹೊರಬಿತ್ತು. ಆ ಮನುಷ್ಯನಿಗೆ ಸೇಫ್ ಒಡೆಯಲು ಬರುತ್ತಲೇ ಇರಲಿಲ್ಲ! ಬೀಗಗಳು ಕಾರ್ಖಾನೆಯಿಂದ 25-0-25 ಅಥವಾ 50-25-50 ಎಂಬ ಸಂಖ್ಯೆಯೊಂದಿಗೆ ಬರುತ್ತವೆ, ಕೊಂಡವರು ಬದಲಿಸಿಕೊಳ್ಳಬೇಕು ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಅದನ್ನೇ ತಿರುಗಿಸಿದ್ದರು. ಎಲ್ಲರಿಗಿಂತ ದೊಡ್ಡ ಸೇಫ್ ತರಿಸಿದ ಕ್ಯಾಪ್ಟನ್, ಅದರ ಸಂಖ್ಯೆ ಬದಲಿಸಿಯೇ ಇರಲಿಲ್ಲ. ತಮಾಷೆಯೆಂದರೆ, ಆ ರಿಪೇರಿಯವರೂ ಫೈನ್‌ಮನ್ ಹೆಸರು ಕೇಳಿ, ಅವರಿಂದ ಕಲಿಯಬೇಕೆಂದು ಕಾದಿದ್ದರು.

ಫೈನ್‌ಮನ್ ಆ ಎರಡು ಸಂಖ್ಯೆ ಹಿಡಿದು ಕಟ್ಟಡವೆಲ್ಲ ಸುತ್ತಿದರು. ಸುಮಾರು ಐದಕ್ಕೊಂದು ಬೀರು ತೆರೆದುಕೊಂಡಿತು.

ಹಾಗಾದರೆ ಈ ಹವ್ಯಾಸ ತಪ್ಪೇ?

ಇಂದು ಹಲವು ದೇಶಗಳಲ್ಲಿ ಬೀಗ ತೆಗೆಯುವುದು ಚದುರಂಗದಂತೆ ಒಂದು ಹವ್ಯಾಸ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1997ರಲ್ಲಿ ಇದಕ್ಕಾಗಿ ಒಂದು ಸಂಘ ಶುರುವಾಯಿತು. ನೆದರ್ಲೆಂಡ್ಸ್‌ನಲ್ಲಿ ಶುರುವಾದ ಟೂಲ್ ಎಂಬ ಸಂಸ್ಥೆ ಅಮೆರಿಕದಲ್ಲೂ ಇದೆ. ಫೈನ್‌ಮನ್ ಓದಿದ ಎಂಐಟಿಯ ಹೆಸರಿನಲ್ಲೇ 1991ರ ಒಂದು ಬೀಗ ಕೈಪಿಡಿ ಹೆಸರಾಗಿದೆ. ಕಾರ್ಯಾಗಾರಗಳಲ್ಲಿ ಜನ ಮೇಜಿನ ಸುತ್ತ ಕೂರುತ್ತಾರೆ. ಒಳಗಿನ ಕಡ್ಡಿಗಳು ಕಾಣುವಂತೆ ಕೊರೆದ ಅಥವಾ ಪಾರದರ್ಶಕ ಬೀಗ ಕೈಗೆ ಕೊಡುತ್ತಾರೆ. ಮೊದಲು ಒಂದೇ ಕಡ್ಡಿಯ ಬೀಗ, ಆಮೇಲೆ ಎರಡು, ಮೂರು. ಬಲ ಹಾಕಿದಷ್ಟೂ ಕೆಲಸ ಕೆಡುತ್ತದೆ ಎಂಬುದು ಮೊದಲ ಅರ್ಧ ಗಂಟೆಯ ಪಾಠ.

ಅಲ್ಲಿ ಎರಡು ನಿಯಮಗಳಿವೆ. ಒಂದು, ನಿಮ್ಮದಲ್ಲದ ಬೀಗವನ್ನು ಅನುಮತಿಯಿಲ್ಲದೆ ಮುಟ್ಟಬೇಡಿ. ಎರಡು, ನಿಮ್ಮದೇ ಆದರೂ ದಿನಬಳಕೆಯ ಬೀಗದ ಮೇಲೆ ಪ್ರಯೋಗ ಮಾಡಬೇಡಿ, ಅದು ಕೆಟ್ಟರೆ ನೀವೇ ಹೊರಗೆ ಉಳಿಯುತ್ತೀರಿ. ಈ ಲೆಕ್ಕದಲ್ಲಿ ಫೈನ್‌ಮನ್ ಎಷ್ಟೋ ಸಲ ಮೊದಲ ನಿಯಮ ಮುರಿದಿದ್ದರು. ಇಂದು ಹಾಗೆ ಮಾಡಿದರೆ ಅದು ಅಪರಾಧವೇ.

ಇಂಥದ್ದನ್ನು ಕಲಿಸಿದರೆ ಕಳ್ಳರು ಹೆಚ್ಚುವುದಿಲ್ಲವೇ? ಈ ಪ್ರಶ್ನೆ ಹಳೆಯದು. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆ ಬಂದ ಅಮೆರಿಕದ ಆಲ್ಫ್ರೆಡ್ ಹಾಬ್ಸ್, ಯಾರೂ ತೆಗೆಯಲಾರರು ಎಂದು ಹೆಸರಾಗಿದ್ದ ಚಬ್ ಕಂಪನಿಯ ಬೀಗವನ್ನು 25 ನಿಮಿಷದಲ್ಲಿ ತೆಗೆದರು. ಬ್ರಾಮಾ ಕಂಪನಿಯ ಬೀಗಕ್ಕೆ ಹದಿನಾರು ದಿನಗಳಲ್ಲಿ ಸುಮಾರು 51 ಗಂಟೆ ಹಿಡಿಯಿತು. ಆಗಲೂ ಗದ್ದಲವೆದ್ದಿತು. ಆದರೆ ಆ ಸೋಲಿನ ನಂತರ ಬೀಗ ಮಾಡುವವರು ಬೀಗಗಳನ್ನು ಸುಧಾರಿಸಿದರು. ದೋಷ ಕಳ್ಳರಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದೆ ಉಳಿಯುವವರು ಬೀಗ ಕೊಂಡ ನಾವು.

ಒಂದು ಲೋಟ ಐಸ್ ನೀರು

ಫೈನ್‌ಮನ್ ಮುಂದೆ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಪ್ರಾಧ್ಯಾಪಕರಾದರು. ಬೆಳಕು ಮತ್ತು ಎಲೆಕ್ಟ್ರಾನ್‌ಗಳ ಒಡನಾಟವನ್ನು ಸರಳ ಚಿತ್ರಗಳಲ್ಲಿ ಲೆಕ್ಕ ಹಾಕುವ ದಾರಿ ತೋರಿಸಿದರು. ಆದರೂ ಬದುಕಿನ ಕೊನೆಯ ದೊಡ್ಡ ಕೆಲಸ ಮತ್ತೆ ಒಂದು ಬೀಗದಂತೆಯೇ ಬಂತು.

1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಒಡೆದು ಏಳು ಮಂದಿ ಸತ್ತರು. ತನಿಖಾ ಆಯೋಗದಲ್ಲಿ ಫೈನ್‌ಮನ್ ಇದ್ದರು. ಆಗಲೇ ಅವರಿಗೆ ಕ್ಯಾನ್ಸರ್ ಇತ್ತು. ರಾಕೆಟ್ಟಿನ ಕೀಲುಗಳನ್ನು ಮುಚ್ಚುವ ರಬ್ಬರ್ ಉಂಗುರದ ಮೇಲೆ ಅನುಮಾನವಿತ್ತು, ಆ ಸುಳಿವು ಆಯೋಗದ ಇತರರಿಂದ ಅವರಿಗೆ ಬಂದಿತ್ತು. ಟಿವಿ ಕ್ಯಾಮೆರಾಗಳ ಮುಂದೆ ಫೈನ್‌ಮನ್ ಆ ರಬ್ಬರಿನ ತುಂಡನ್ನು ಕ್ಲ್ಯಾಂಪಿನಲ್ಲಿ ಒತ್ತಿ ಹಿಡಿದು ಐಸ್ ನೀರಿನ ಲೋಟದಲ್ಲಿ ಅದ್ದಿದರು. ಹೊರತೆಗೆದು ಬಿಟ್ಟಾಗ ಅದು ತಕ್ಷಣ ಮೊದಲಿನ ಆಕಾರಕ್ಕೆ ಮರಳಲಿಲ್ಲ. ಉಡಾವಣೆಯ ಬೆಳಗ್ಗೆ ಕೊರೆಯುವ ಚಳಿಯಿತ್ತು. ಚಳಿಯಲ್ಲಿ ಈ ಉಂಗುರ ಕೈಕೊಡಬಹುದು ಎಂದು ಹಿಂದಿನ ರಾತ್ರಿಯೇ ಎಂಜಿನಿಯರುಗಳು ಎಚ್ಚರಿಸಿದ್ದರು. ಮೇಲಿನವರು ಕೇಳಿರಲಿಲ್ಲ.

ಕರ್ನಲ್ ಸಾಹೇಬರ ಕಥೆಯೇ ಮತ್ತೆ. ಈ ಸಲ ಅದರ ಬೆಲೆ ಏಳು ಜೀವ.

1988ರ ಫೆಬ್ರವರಿ 15ರಂದು ಫೈನ್‌ಮನ್ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು.

ನಮ್ಮ ಮೊಬೈಲಿಗೆ ಇದರಿಂದ ಏನು ಪಾಠ?

ನಾಲ್ಕಂಕಿಯ ಪಿನ್‌ಗೆ 10,000 ಸಾಧ್ಯತೆಗಳಿವೆ. ಆದರೆ ಹುಟ್ಟಿದ ದಿನ ಮತ್ತು ತಿಂಗಳನ್ನು ಪಿನ್ ಮಾಡಿಕೊಂಡರೆ ಉಳಿಯುವುದು 366 ಮಾತ್ರ. ನಿಮ್ಮ ಹುಟ್ಟುಹಬ್ಬ ಗೊತ್ತಿರುವವರಿಗೆ? ಒಂದೇ. ಬೀಗ ಗಟ್ಟಿಯಾಗಿಯೇ ಇದೆ, ಅದನ್ನು ಸಣ್ಣದು ಮಾಡಿದ್ದು ನಮ್ಮ ಅಭ್ಯಾಸ.

ಆದ್ದರಿಂದ ಇಷ್ಟು ಮಾಡಿ:

- ಮನೆಯ ವೈಫೈ, ಸಿಸಿಟಿವಿ ಕ್ಯಾಮೆರಾ ಕಂಪನಿಯಿಂದ ಬಂದ ಪಾಸ್‌ವರ್ಡ್‌ನಲ್ಲೇ ಇದ್ದರೆ ಇಂದೇ ಬದಲಿಸಿ. ಅದು ಕ್ಯಾಪ್ಟನ್ ಸೇಫಿನ 50-25-50.
- ಬ್ಯಾಂಕು, ಇಮೇಲ್, ಯುಪಿಐ ಎಲ್ಲಕ್ಕೂ ಒಂದೇ ಸಂಖ್ಯೆ ಇಡಬೇಡಿ. ಅದು ಒಂಬತ್ತು ಬೀರುಗಳ ಕಥೆ.
- ಅಂಗಡಿಯಲ್ಲಿ ಪಿನ್ ಒತ್ತುವಾಗ ಕೈ ಅಡ್ಡ ಹಿಡಿಯಿರಿ. ತೆರೆದ ಬೀರುವಿನಿಂದಲೇ ಸಂಖ್ಯೆ ಸೋರಿದ್ದು.
- ಓಟಿಪಿ ಯಾರಿಗೂ ಹೇಳಬೇಡಿ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ, ಕಳಿಸಲು ಮಾತ್ರ ಬೇಕು. ಮೋಸಗಾರ ಬೀಗ ಮುರಿಯುವುದಿಲ್ಲ, ಫುಕ್ಸ್‌ನಂತೆ ನಂಬಿಕೆ ಗಳಿಸುತ್ತಾನೆ.
- ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇನ್ನೊಂದು ಮಾತು. ನಿಮ್ಮ ಪಿನ್ ಹುಟ್ಟಿದ ದಿನವೇ ಅಲ್ಲವೇ ಎಂದು ಮಗಳೋ ಮೊಮ್ಮಗನೋ ಕೇಳಿದರೆ ಸಿಟ್ಟಾಗಬೇಡಿ. ಮಕ್ಕಳ ಕೈಗೆ ಫೋನ್ ಸಿಗದಂತೆ ಎತ್ತಿಡುವುದು ಕರ್ನಲ್ ಮಾಡಿದ ಕೆಲಸ. ಪಿನ್ ಬದಲಿಸುವುದು ನೀವು ಮಾಡಬೇಕಾದ ಕೆಲಸ. ಈ ಬರಹ ಮುಂದಕ್ಕೆ ಕಳಿಸುವ ಮೊದಲು ಅದನ್ನು ಮಾಡಿಬಿಡಿ, ಎರಡು ನಿಮಿಷವೂ ಬೇಡ.